ಕ್ರಿಮಿನಲ್ ಕೇಸಿಗೂ ಉಂಟು ವಾಯಿದೆ: ಹಳೇ ತಪ್ಪಿಗೆ ಹೊಸ ಕಾಯಿದೆ ಹತ್ತುವುದೆ?

ಪ್ರೋನೋಟಿಗೆ ಮೂರು ವರ್ಷ ವಾಯಿದೆ ಎಂಬುದು ನಮ್ಮ ಜಿಲ್ಲೆಯಲ್ಲಿ ಸಂತೆಗೆ ಬರುವ ಮುದುಕರಿಗೂ ಗೊತ್ತು. ಮೂರು ವರ್ಷ ತುಂಬುವ ಮುಂಚೆ ಸಾಲಗಾರನಿಂದ ಮತ್ತೊಂದು ರುಜು ಹಾಕಿಸಿಕೊಳ್ಳದಿದ್ದರೆ ಆ ಪತ್ರ ಬರೀ ಕಾಗದ. ಆದರೆ ಕ್ರಿಮಿನಲ್ ಕೇಸಿಗೂ ಇಂಥದೇ ಒಂದು ವಾಯಿದೆ ಉಂಟು ಎಂದರೆ ಓದು ಬಲ್ಲವರೇ ಹುಬ್ಬೇರಿಸುತ್ತಾರೆ. "ತಪ್ಪು ಮಾಡಿದೋನು ಯಾವತ್ತಿದ್ರೂ ತಪ್ಪು ಮಾಡಿದೋನೇ ಅಲ್ವೇನ್ರಿ?" ಎಂಬುದು ಜನರ ಲೆಕ್ಕ. ಕೋರ್ಟಿನ ಲೆಕ್ಕ ಬೇರೆ. ಆ ಲೆಕ್ಕ ಎಂಥದೆಂಬುದನ್ನು ಇಡೀ ರಾಜ್ಯಕ್ಕೆ ತೋರಿಸಿದ್ದು ನಮ್ಮ ಹೊಳೆನರಸೀಪುರದ ಒಂದು ಪ್ರಕರಣ.

2024ರ ಏಪ್ರಿಲ್ 28ರಂದು ಹೊಳೆನರಸೀಪುರ ಪಟ್ಟಣ ಠಾಣೆಯಲ್ಲಿ ಮಹಿಳೆಯೊಬ್ಬರ ದೂರು ದಾಖಲಾಯಿತು. ಮನೆಗೆಲಸಕ್ಕಿದ್ದಾಗ ಲೈಂಗಿಕ ಕಿರುಕುಳ ನಡೆಯಿತು ಎಂಬುದು ಅದರ ಸಾರ. ಒಂದನೇ ಆರೋಪಿ ಶಾಸಕ, ಮಾಜಿ ಸಚಿವ ಎಚ್.ಡಿ. ರೇವಣ್ಣನವರು. ಎರಡನೆಯವರು ಅವರ ಮಗ, ಆಗಿನ ಸಂಸದ ಪ್ರಜ್ವಲ್ ರೇವಣ್ಣನವರು. ರೇವಣ್ಣನವರು ಆರೋಪವನ್ನು ನಿರಾಕರಿಸಿದರು. ವಿಶೇಷ ತನಿಖಾ ತಂಡ ಬಂತು, ದೋಷಾರೋಪ ಪಟ್ಟಿಯೂ ಸಲ್ಲಿಕೆಯಾಯಿತು. ಊರಿನಲ್ಲಿ ಪಕ್ಷಕ್ಕೊಂದು ಮಾತು, ಬೀದಿಗೊಂದು ವಾದ. ಆದರೆ ಒಂದನೇ ಆರೋಪಿಯ ಮಟ್ಟಿಗೆ ಕೇಸಿನ ಗತಿ ತೀರ್ಮಾನವಾದದ್ದು ಪಕ್ಷದ ಮೇಲೂ ಅಲ್ಲ, ಸಾಕ್ಷಿಯ ಮೇಲೂ ಅಲ್ಲ, ಕ್ಯಾಲೆಂಡರಿನ ಮೇಲೆ.

ಒಂದು ಅಕ್ಷರದ ವ್ಯತ್ಯಾಸ

ವಿಷಯ ಹೀಗಿದೆ. ರೇವಣ್ಣನವರ ಮೇಲೆ ಭಾರತ ದಂಡ ಸಂಹಿತೆಯ ಎರಡು ಕಲಂಗಳ ಮಾತು ಬಂದಿತ್ತು. ಒಂದು 354, ಇನ್ನೊಂದು 354-ಎ. ಮೊದಲನೆಯದು ಹೆಣ್ಣಿನ ಮಾನಕ್ಕೆ ಕುಂದು ತರಲು ಕೈಮಾಡಿದ್ದಕ್ಕೆ. ಅದಕ್ಕೆ ಐದು ವರ್ಷದವರೆಗೆ ಸಜೆ. ಎರಡನೆಯದು ಲೈಂಗಿಕ ಕಿರುಕುಳಕ್ಕೆ. ಅದಕ್ಕೆ ಹೆಚ್ಚೆಂದರೆ ಮೂರು ವರ್ಷ. ಓದುವವರಿಗೆ ಇದು ಒಂದು ಅಕ್ಷರದ ವ್ಯತ್ಯಾಸ. ಆದರೆ ಮೂರು ವರ್ಷ ಮೀರಿದ ಸಜೆ ಇರುವ ಅಪರಾಧಕ್ಕೆ ಕಾಲಮಿತಿ ಇಲ್ಲ. ಮೂರು ವರ್ಷ ಅಥವಾ ಅದಕ್ಕಿಂತ ಕಡಿಮೆ ಸಜೆಯದ್ದಕ್ಕೆ ಉಂಟು.

2025ರ ನವೆಂಬರಿನಲ್ಲಿ ರಾಜ್ಯ ಹೈಕೋರ್ಟು ರೇವಣ್ಣನವರ ಮೇಲಿನ 354ನೇ ಕಲಂ ರದ್ದು ಮಾಡಿತು. ಉಳಿದದ್ದು 354-ಎ. ದೂರಿನಲ್ಲಿ ಹೇಳಿದ್ದ ಸಂಗತಿಗಳು ಕೆಲವು ವರ್ಷ ಹಿಂದಿನವು. ಹಾಗಾಗಿ ಇಷ್ಟು ತಡವಾಗಿ ಬಂದ ದೂರನ್ನು ವಿಚಾರಣೆಗೆ ತೆಗೆದುಕೊಳ್ಳಬಹುದೇ ಎಂಬುದನ್ನು ನೀವೇ ನೋಡಿ ಎಂದು ಕೆಳಗಿನ ಕೋರ್ಟಿಗೆ ಹೇಳಿತು. ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ಮ್ಯಾಜಿಸ್ಟ್ರೇಟ್ ಕೋರ್ಟು ಆ ವಿಳಂಬವನ್ನು ಮನ್ನಿಸಲು ಒಪ್ಪಲಿಲ್ಲ. ರೇವಣ್ಣನವರ ಮಟ್ಟಿಗೆ ಆ ಕೇಸನ್ನು ಕೈಬಿಟ್ಟಿತು.

ಇದರ ಅರ್ಥವನ್ನು ಎರಡೂ ಕಡೆಯವರು ತಮಗೆ ಬೇಕಾದಂತೆ ಮಾಡಿಕೊಂಡರೆ ಪ್ರಯೋಜನವಿಲ್ಲ. ಕಾಲಮಿತಿಯ ಮೇಲೆ ಕೇಸು ಬಿದ್ದರೆ ದೂರು ಸುಳ್ಳೆಂದು ಕೋರ್ಟು ಹೇಳಿದಂತಾಗುವುದಿಲ್ಲ. ಆರೋಪಿಯ ತಲೆಯ ಮೇಲೆ ಅಪರಾಧದ ಮುದ್ರೆ ಬಿದ್ದಂತೆಯೂ ಆಗುವುದಿಲ್ಲ. ಬಾಗಿಲು ಮುಚ್ಚಿದೆ, ಅಷ್ಟೆ.

ಅದೇ ಹೊಳೆನರಸೀಪುರ ತಾಲ್ಲೂಕಿನ ಇನ್ನೊಂದು ಪ್ರಕರಣವನ್ನು ಪಕ್ಕದಲ್ಲಿಟ್ಟು ನೋಡಿ. ಮನೆಗೆಲಸದ ಮತ್ತೊಬ್ಬ ಮಹಿಳೆ 2024ರಲ್ಲಿ ದೂರು ಕೊಟ್ಟರು. ಕೃತ್ಯ ನಡೆದದ್ದು 2021ರಲ್ಲಿ. ಇಲ್ಲಿ ಆರೋಪ ಅತ್ಯಾಚಾರದ್ದು. ಅದಕ್ಕೆ ಜೀವಾವಧಿಯವರೆಗೆ ಸಜೆ, ಆದ್ದರಿಂದ ವಾಯಿದೆಯ ಪ್ರಶ್ನೆಯೇ ಇಲ್ಲ. ತಡವಾಯಿತೆಂಬ ವಾದ ಕೇಸಿನ ಬಾಗಿಲು ಮುಚ್ಚಲಾರದು. 2025ರ ಆಗಸ್ಟ್ 2ರಂದು ವಿಶೇಷ ನ್ಯಾಯಾಲಯ ಪ್ರಜ್ವಲ್ ರೇವಣ್ಣನವರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಅದರ ಮೇಲೆ ಹೈಕೋರ್ಟಿಗೆ ಮೇಲ್ಮನವಿ ಹೋಗಿದೆ. ಎರಡು ದೂರುಗಳೂ ವರ್ಷಗಳ ನಂತರ ಬಂದವು. ಒಂದಕ್ಕೆ ವಾಯಿದೆ ಅಡ್ಡ ಬಂತು, ಇನ್ನೊಂದಕ್ಕೆ ಬರಲಿಲ್ಲ.

1974ಕ್ಕೆ ಮುಂಚೆ ವಾಯಿದೆಯೇ ಇರಲಿಲ್ಲ

ಈ ಗಡಿಯಾರ ಯಾವಾಗ ಬಂತು? ಬ್ರಿಟಿಷರ ಕಾಲದ 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದು ಇರಲಿಲ್ಲ. ಅಪರಾಧಕ್ಕೆ ಮುಪ್ಪಿಲ್ಲ ಎಂಬುದು ಆ ಕಾಲದ ನಂಬಿಕೆ. ವರ್ಷ ಕಳೆದಂತೆ ಸಾಕ್ಷಿ ಸಾಯುತ್ತಾನೆ, ಇದ್ದವನು ಮರೆಯುತ್ತಾನೆ, ಸಣ್ಣಪುಟ್ಟ ಕೇಸನ್ನು ಜೀವಮಾನವಿಡೀ ಒಬ್ಬನ ನೆತ್ತಿಯ ಮೇಲೆ ತೂಗಿಬಿಡುವುದು ಸರಿಯಲ್ಲ ಎಂದು ಕಾನೂನು ಆಯೋಗ ತನ್ನ 42ನೇ ವರದಿಯಲ್ಲಿ ವಾಯಿದೆಗೆ ಶಿಫಾರಸು ಮಾಡಿತು. ಹೀಗೆ 1974ರ ಏಪ್ರಿಲ್ 1ರಂದು ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ 468ನೇ ಕಲಂ ಹುಟ್ಟಿತು.

ಲೆಕ್ಕ ಸರಳ. ಬರೀ ಜುಲ್ಮಾನೆಯ ಅಪರಾಧಕ್ಕೆ ಆರು ತಿಂಗಳು. ಒಂದು ವರ್ಷದವರೆಗೆ ಸಜೆ ಇರುವುದಕ್ಕೆ ಒಂದು ವರ್ಷ. ಒಂದಕ್ಕಿಂತ ಹೆಚ್ಚು, ಮೂರು ವರ್ಷದವರೆಗೆ ಸಜೆ ಇರುವುದಕ್ಕೆ ಮೂರು ವರ್ಷ. ಅದಕ್ಕೂ ಮೇಲ್ಪಟ್ಟದ್ದಕ್ಕೆ ಮಿತಿ ಇಲ್ಲ. ಒಂದೇ ಕೇಸಿನಲ್ಲಿ ಹಲವು ಕಲಂಗಳಿದ್ದರೆ ಹೆಚ್ಚು ಸಜೆಯ ಕಲಮಿನ ವಾಯಿದೆಯೇ ಎಲ್ಲಕ್ಕೂ ಎಂದು 1978ರ ತಿದ್ದುಪಡಿ ಸೇರಿಸಿತು. ಹೊಳೆನರಸೀಪುರದ ಕೇಸಿನಲ್ಲಿ 354 ಬಿದ್ದದ್ದೇ 354-ಎ ಒಂಟಿಯಾದದ್ದು ಇದೇ ಕಾರಣಕ್ಕೆ. ದೊಡ್ಡಣ್ಣನ ನೆರಳು ಹೋಯಿತು, ತಮ್ಮನಿಗೆ ಬಿಸಿಲು ತಾಗಿತು.

ಹಾಗಾದರೆ 1974ಕ್ಕೆ ಮುಂಚೆ ನಡೆದ ತಪ್ಪುಗಳ ಕಥೆಯೇನು? ಪಂಜಾಬಿನಿಂದ ಒಂದು ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. ಸಹಕಾರ ಸಂಘದ ಹಣ 1972ರಲ್ಲಿ ದುರುಪಯೋಗವಾಗಿತ್ತು, 1973ರ ಲೆಕ್ಕ ತಪಾಸಣೆಯಲ್ಲಿ ಸಿಕ್ಕಿಬಿತ್ತು, ಪೋಲೀಸರು ಚಾರ್ಜ್‌ಷೀಟ್ ಹಾಕಿದ್ದು 1976ರಲ್ಲಿ. ನಂಬಿಕೆದ್ರೋಹದ 406ನೇ ಕಲಮಿಗೆ ಮೂರು ವರ್ಷದ ಸಜೆ, ಆದ್ದರಿಂದ ಮೂರು ವರ್ಷದ ವಾಯಿದೆ. ತಪ್ಪು ನಡೆದಾಗ ವಾಯಿದೆ ಎಂಬುದೇ ಇರದಿದ್ದರೂ ಕೇಸು ಅವಧಿ ಮೀರಿದೆ ಎಂದು 1981ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಸರ್ವಣ್ ಸಿಂಗ್ ಪ್ರಕರಣವೆಂದು ವಕೀಲರು ಇವತ್ತಿಗೂ ಎತ್ತಿ ಹೇಳುವುದು ಇದನ್ನೇ. ಆರೋಪಿಗೆ ಅನುಕೂಲವಾಗುವ ಹೊಸ ವಾಯಿದೆ ಹಳೇ ತಪ್ಪಿಗೂ ಹತ್ತಿತು.

ಇಲ್ಲೊಂದು ತಮಾಷೆ ಉಂಟು. ಅದೇ 1974ರಲ್ಲಿ ಪಾರ್ಲಿಮೆಂಟು ಇನ್ನೊಂದು ಕಾಯಿದೆ ಮಾಡಿತು. ಆದಾಯ ತೆರಿಗೆ, ಕಸ್ಟಮ್ಸ್, ಅಬಕಾರಿ ಸುಂಕ ಮುಂತಾದ ಆರ್ಥಿಕ ಅಪರಾಧಗಳಿಗೆ ಈ ವಾಯಿದೆ ಅನ್ವಯಿಸದು ಎಂದಿತು. ಸರ್ಕಾರದ ದುಡ್ಡು ತಿಂದವನನ್ನು ಯಾವತ್ತಾದರೂ ಹಿಡಿಯಬಹುದು. ಬಡವನ ದುಡ್ಡು ತಿಂದವನಿಗೆ ಮೂರು ವರ್ಷ ತಲೆ ತಪ್ಪಿಸಿಕೊಂಡರೆ ಸಾಕು.

ಸಜೆ ಬದಲಾದರೆ ಗಡುವೂ ಬದಲು

ವಾಯಿದೆಯ ಕಲಮನ್ನು ಮುಟ್ಟದೆಯೂ ವಾಯಿದೆ ಬದಲಿಸಬಹುದು ಎಂಬುದೇ ಇದರಲ್ಲಿರುವ ಒಳಮರ್ಮ. ಸಜೆ ಏರಿಸಿದರೆ ಗಡುವು ತಾನಾಗಿ ಏರುತ್ತದೆ.

ಮೇಲೆ ಹೇಳಿದ 354ನ್ನೇ ತೆಗೆದುಕೊಳ್ಳಿ. 2013ರವರೆಗೆ ಅದಕ್ಕೆ ಎರಡು ವರ್ಷದವರೆಗೆ ಮಾತ್ರ ಸಜೆ, ಎಂದರೆ ಮೂರು ವರ್ಷದ ವಾಯಿದೆ. ದೆಹಲಿಯ ಬಸ್ಸಿನ ಘೋರ ಕೃತ್ಯದ ನಂತರ ಬಂದ ತಿದ್ದುಪಡಿ ಸಜೆಯನ್ನು ಐದು ವರ್ಷಕ್ಕೆ ಏರಿಸಿತು. ಅದು 2013ರ ಫೆಬ್ರವರಿ 3ರಿಂದ ಜಾರಿ. ಆ ದಿನದಿಂದ ಈಚಿನ ಕೃತ್ಯಕ್ಕೆ ವಾಯಿದೆಯೇ ಇಲ್ಲ. ಅದಕ್ಕೆ ಒಂದು ವಾರ ಮುಂಚೆ ನಡೆದಿದ್ದರೆ 2016ರ ಜನವರಿಗೇ ಗಡುವು ಮುಗಿಯಿತು.

ಈಗ 2024ರ ಜುಲೈ 1ಕ್ಕೆ ಬನ್ನಿ. ಅಂದು ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ದಂಡ ಪ್ರಕ್ರಿಯಾ ಸಂಹಿತೆ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂತು. ವಾಯಿದೆಯ ಕಲಂ 468 ಈಗ 514 ಆಗಿದೆ, ಆರು ತಿಂಗಳು, ಒಂದು ವರ್ಷ, ಮೂರು ವರ್ಷದ ಪಟ್ಟಿ ಹಾಗೇ ಇದೆ. ಆದರೆ ಸಜೆಗಳು ಕೆಲವು ಕಡೆ ಏರಿವೆ. ನಂಬಿಕೆದ್ರೋಹಕ್ಕೆ ಮೂರು ವರ್ಷವಿದ್ದದ್ದು ಐದಾಯಿತು. ಬೇರೆಯವನ ಹೆಸರಿನಲ್ಲಿ ನಿಂತು ಮೋಸ ಮಾಡುವುದಕ್ಕೂ ಮೂರರಿಂದ ಐದು. ಸಾದಾ ಮೋಸಕ್ಕೆ ಒಂದು ವರ್ಷವಿದ್ದದ್ದು ಮೂರಾಯಿತು.

ಚನ್ನರಾಯಪಟ್ಟಣದ ಒಬ್ಬ ರೈತ ಕೊಬ್ಬರಿ ಮೂಟೆಗಳನ್ನು ಪಕ್ಕದ ಮನೆಯವನ ಅಟ್ಟದಲ್ಲಿಟ್ಟು ಮಗಳ ಊರಿಗೆ ಹೋದ ಎಂದಿಟ್ಟುಕೊಳ್ಳಿ. ಬರುವಷ್ಟರಲ್ಲಿ ಪಕ್ಕದವನು ಅದನ್ನು ಮಾರಿ ದುಡ್ಡು ನುಂಗಿದ್ದ. ಇದು 2024ರ ಜೂನ್ 24ರಂದು ನಡೆದು, ರೈತನಿಗೆ ಅಂದೇ ಗೊತ್ತಾಗಿದ್ದರೆ 2027ರ ಜೂನ್ ವೇಳೆಗೆ ವಾಯಿದೆ ಮುಗಿಯುತ್ತದೆ. ಅದೇ ಕೃತ್ಯ ಜುಲೈ 1ರಂದು ನಡೆದಿದ್ದರೆ ವಾಯಿದೆಯೇ ಇಲ್ಲ. ಅದೇ ಕೊಬ್ಬರಿ, ಅದೇ ಅಟ್ಟ, ಅದೇ ಮೋಸ. ಒಂದು ವಾರ ಮಾತ್ರ ವ್ಯತ್ಯಾಸ.

"ಹಳೇ ಕೇಸ್ನ ಹೊಸ ಕಾಯ್ದೇಲಿ ಹಾಕ್ಸಿ"

ಕಕ್ಷಿಗಾರ ಇಲ್ಲಿ ಕೇಳುವ ಪ್ರಶ್ನೆ ಸಹಜವಾದದ್ದೇ. "ಅಲ್ಲಾ ಲಾಯರ್ ಸಾಹೇಬ್ರೆ, ಹೊಸ ಕಾಯ್ದೆ ಬಂದದೆ ಅಂತಾರಲ್ಲ, ನಮ್ಮ ಹಳೇ ಕೇಸ್ನ ಅದ್ರಲ್ಲೇ ಹಾಕ್ಸಕ್ಕಾಗಲ್ವಾ?" ವಕೀಲರ ಉತ್ತರ: "ಆಗಲ್ಲ ಕಣಪ್ಪ. ತಪ್ಪು ನಡೆದ ದಿನ ಯಾವ ಕಾಯ್ದೆ ಇತ್ತೋ ಸಜೆ ಅದರದ್ದೇ."

ಇದು ಸಂವಿಧಾನದ 20ನೇ ಅನುಚ್ಛೇದದ ಮಾತು. ಕೃತ್ಯ ನಡೆದ ದಿನ ಜಾರಿಯಲ್ಲಿದ್ದ ಕಾಯಿದೆಗಿಂತ ಹೆಚ್ಚಿನ ಶಿಕ್ಷೆ ಯಾರಿಗೂ ಕೊಡುವಂತಿಲ್ಲ. ಹಳೇ ನಂಬಿಕೆದ್ರೋಹಕ್ಕೆ ಹಳೇ ಮೂರು ವರ್ಷದ ಸಜೆಯೇ ಅಂಟಿಕೊಂಡಿರುತ್ತದೆ, ಆ ಸಜೆಗೆ ಮೂರು ವರ್ಷದ ವಾಯಿದೆಯೂ ಅಂಟಿಕೊಂಡಿರುತ್ತದೆ. ಆದರೆ ಈ ಅನುಚ್ಛೇದ ತಡೆಯುವುದು ಶಿಕ್ಷೆಯನ್ನು, ವಿಚಾರಣೆಯ ಕ್ರಮವನ್ನಲ್ಲ ಎಂದು 1953ರಲ್ಲೇ ಶಿವ ಬಹಾದೂರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಯಾವ ಕೋರ್ಟು, ಯಾವ ವಿಧಾನ ಎಂಬುದನ್ನು ಸರ್ಕಾರ ಬದಲಿಸಬಹುದು.

ವಾಯಿದೆಯ ಕಲಮನ್ನೇ ನೇರವಾಗಿ ತಿದ್ದಿ ಗಡುವು ಹೆಚ್ಚಿಸಿದರೆ? ಆಗ ಹಳೇ ಗಡುವು ಇನ್ನೂ ಓಡುತ್ತಿದೆಯೋ, ನಿಂತುಹೋಗಿದೆಯೋ ಎಂಬುದೇ ಮುಖ್ಯ. ಓಡುತ್ತಿರುವ ಗಡಿಯಾರಕ್ಕೆ ಕೀಲಿ ಕೊಡಬಹುದು. ನಿಂತ ಗಡಿಯಾರ ಹೊಸ ಕಾಯಿದೆ ಬಂತೆಂದು ತಾನಾಗಿ ಓಡುವುದಿಲ್ಲ. ಕ್ರಿಮಿನಲ್ ಅಲ್ಲದಿದ್ದರೂ 1964ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಗಾಡ್ಗೀಳ್ ಪ್ರಕರಣ ಇದಕ್ಕೆ ಒಳ್ಳೇ ದೃಷ್ಟಾಂತ. ಒಂದು ಆದಾಯ ತೆರಿಗೆ ನೋಟೀಸಿನ ಗಡುವು 1956ರ ಮಾರ್ಚ್ 31ಕ್ಕೆ ಮುಗಿದಿತ್ತು. ಗಡುವು ಹೆಚ್ಚಿಸಿದ ತಿದ್ದುಪಡಿ ಏಪ್ರಿಲ್ 1ರಿಂದ ಜಾರಿ. ನಡುವೆ ಇದ್ದದ್ದು ಒಂದು ನಡುರಾತ್ರಿ. ಅಷ್ಟಾದರೂ ಸತ್ತ ಅಧಿಕಾರ ಮರುಹುಟ್ಟು ಪಡೆಯದು ಎಂದು ಇಲಾಖೆ ಸೋತಿತು.

ಹೊರ ದೇಶಗಳಲ್ಲೂ ಇದೇ ತಿಕ್ಕಾಟ. ಪಶ್ಚಿಮ ಜರ್ಮನಿಯಲ್ಲಿ ನಾಜಿಗಳ ಕೊಲೆ ಕೇಸುಗಳ ಗಡುವು ಮುಗಿಯುತ್ತ ಬಂದಾಗ ಮೊದಲು 1965ರಲ್ಲಿ ಎಣಿಕೆಯ ದಿನವನ್ನೇ ಮುಂದಕ್ಕೆ ಹಾಕಿದರು, 1979ರಲ್ಲಿ ಕೊಲೆಗೆ ಗಡುವನ್ನೇ ತೆಗೆದುಹಾಕಿದರು. ಗಡುವು ಮುಗಿಯುವ ಮುಂಚೆಯೇ ಎಚ್ಚೆತ್ತದ್ದರಿಂದ ಅದು ನಿಂತಿತು. ಅಮೆರಿಕದ ಕ್ಯಾಲಿಫೋರ್ನಿಯಾ ಹಾಗಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕೇಸುಗಳಲ್ಲಿ ಎಂದೋ ಮುಗಿದಿದ್ದ ಗಡುವನ್ನು ಎಬ್ಬಿಸುವ ಕಾಯಿದೆ ಮಾಡಿತು. 2003ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಸ್ಟಾಗ್ನರ್ ಪ್ರಕರಣದಲ್ಲಿ ಅದನ್ನು ಹೊಡೆದುಹಾಕಿತು. ಐದು ಮಂದಿ ನ್ಯಾಯಾಧೀಶರು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ಅಷ್ಟು ಸೂಕ್ಷ್ಮ ಈ ವಿಷಯ.

ಕಿಂಡಿ ಒಂದುಂಟು

ವಾಯಿದೆ ಮುಗಿದರೆ ಎಲ್ಲ ಮುಗಿಯಿತೇ? ಪೂರಾ ಅಲ್ಲ. ಹಳೇ ಸಂಹಿತೆಯ 473, ಹೊಸದರ 519ನೇ ಕಲಂ ಒಂದು ಕಿಂಡಿ ಇಟ್ಟಿದೆ. ತಡವಾದದ್ದಕ್ಕೆ ಸರಿಯಾದ ಕಾರಣ ಕೊಟ್ಟರೆ, ಅಥವಾ ನ್ಯಾಯದ ಹಿತಕ್ಕೆ ಬೇಕೆನಿಸಿದರೆ ಮ್ಯಾಜಿಸ್ಟ್ರೇಟರು ವಿಳಂಬವನ್ನು ಮನ್ನಿಸಬಹುದು. ಗಂಡನ ಮನೆಯ ಹಿಂಸೆಯ ಕೇಸುಗಳಲ್ಲಿ ಇದನ್ನು ಉದಾರವಾಗಿ ಬಳಸಬೇಕೆಂದು 1993ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಸಂಸಾರ ಉಳಿಯಲಿ ಎಂದು ಹೆಣ್ಣುಮಗಳು ಹಲ್ಲು ಕಚ್ಚಿ ಕಾಯುತ್ತಾಳೆ, ಆ ಕಾಯುವಿಕೆಯೇ ಅವಳ ಕೊರಳಿಗೆ ಉರುಲಾಗಬಾರದು ಎಂಬುದು ಅದರ ಹಿಂದಿನ ಕಳಕಳಿ. ಅಂಥ ಹಿಂಸೆ ಮುಂದುವರಿಯುವ ಅಪರಾಧವೆಂದು 1999ರಲ್ಲಿ ಮತ್ತೊಂದು ತೀರ್ಪೂ ಬಂತು. ಮುಂದುವರಿಯುವ ಅಪರಾಧಕ್ಕೆ ಪ್ರತಿ ದಿನವೂ ವಾಯಿದೆ ಹೊಸದಾಗಿ ಶುರು.

ಆದರೆ ಕಿಂಡಿ ಎಂದರೆ ಕಿಂಡಿಯೇ, ಬಾಗಿಲಲ್ಲ. ತೆಗೆಯುವುದು ಬಿಡುವುದು ಕೋರ್ಟಿನ ವಿವೇಚನೆ. ಹೊಳೆನರಸೀಪುರದ ಕೇಸಿನಲ್ಲಿ ಅದು ತೆಗೆಯಲಿಲ್ಲ.

ಇಲ್ಲಿ ನಾವು ಒಂದು ಮಾತು ಕೇಳಲೇಬೇಕು. ಹೊಸ ಸಂಹಿತೆ ಬರೆಯುವಾಗ ನಂಬಿಕೆದ್ರೋಹದ ಸಜೆ ಏರಿತು, ಅದರೊಂದಿಗೆ ವಾಯಿದೆ ಹೋಯಿತು. ಲೈಂಗಿಕ ಕಿರುಕುಳದ ಕಲಂ 354-ಎ ಹೋಗಿ 75 ಎಂದಾಯಿತು, ಸಜೆ ಮಾತ್ರ ಅದೇ ಮೂರು ವರ್ಷ, ವಾಯಿದೆ ಅದೇ ಮೂರು ವರ್ಷ. ಬರೀ ಕೆಟ್ಟ ಮಾತಿನ ಕಿರುಕುಳವಾದರೆ ಸಜೆಯೂ ಒಂದು ವರ್ಷ, ವಾಯಿದೆಯೂ ಒಂದೇ ವರ್ಷ. ಕೊಬ್ಬರಿ ಮೂಟೆ ಕಳೆದುಕೊಂಡವನು ಮಾರನೇ ದಿನವೇ ಬೀದಿಗೆ ಬಂದು ಬೊಬ್ಬೆ ಹೊಡೆಯುತ್ತಾನೆ. ದೊಡ್ಡವರ ಮನೆಯಲ್ಲಿ ಪಾತ್ರೆ ತೊಳೆಯುವ ಹೆಂಗಸು ಹಾಗೆ ಹೊಡೆಯಬಲ್ಲಳೇ? ಕೂಲಿ, ಮಕ್ಕಳ ಸ್ಕೂಲು, ಗಂಡನ ಅನುಮಾನ, ಊರಿನ ಬಾಯಿ ಇಷ್ಟನ್ನೂ ದಾಟಿ ಅವಳು ಠಾಣೆ ಮೆಟ್ಟಿಲು ಹತ್ತಬೇಕು. ಹೆಚ್ಚು ಸಮಯ ಬೇಕಾದವಳಿಗೆ ಕಡಿಮೆ ಸಮಯ ಕೊಟ್ಟಿದೆ ಕಾಯಿದೆ. ಆರೋಪಿಗೂ ರಕ್ಷಣೆ ಬೇಕು, ಹತ್ತು ವರ್ಷದ ನಂತರ ಸಾಕ್ಷಿ ಇಲ್ಲದೆ ಯಾರ ಮೇಲಾದರೂ ಕೆಸರು ಎರಚುವಂತಾಗಬಾರದು, ನಿಜ. ಅದಕ್ಕೆ ಸಾಕ್ಷಿಯ ತೂಕ ನೋಡುವ ಕೋರ್ಟು ಇದೆ. ಬಾಗಿಲಲ್ಲೇ ತಡೆಯುವುದೊಂದೇ ದಾರಿಯೇ? ಜಿಲ್ಲೆಯಿಂದ ವಿಧಾನಸೌಧಕ್ಕೂ ದಿಲ್ಲಿಗೂ ಹೋಗಿರುವವರು ಉತ್ತರಿಸಲಿ. ನೆನಪಿರಲಿ, ನಾಳೆ ತಿದ್ದಿದರೂ ಅದು ನಾಳೆಯ ತಪ್ಪಿಗೆ. ನಿನ್ನೆ ಮುಗಿದ ಗಡುವು ಮುಗಿದಂತೆಯೇ.

ಓದುಗರು ತಿಳಿದಿರಬೇಕಾದದ್ದು

ಒಂದು: ಲೆಕ್ಕ ಶುರುವಾಗುವುದು ಕೃತ್ಯದ ದಿನದಿಂದ. ಕೃತ್ಯ ನಡೆದದ್ದೇ ಗೊತ್ತಿಲ್ಲದಿದ್ದರೆ, ನಿಮಗೋ ಪೋಲೀಸರಿಗೋ ಗೊತ್ತಾದ ದಿನದಿಂದ. ಮಾಡಿದವನು ಯಾರೆಂದು ಗೊತ್ತಿಲ್ಲದಿದ್ದರೆ, ಅದು ಗೊತ್ತಾದ ದಿನದಿಂದ. ಆರೋಪಿ ತಲೆಮರೆಸಿಕೊಂಡಿದ್ದ ಕಾಲ, ದೇಶ ಬಿಟ್ಟಿದ್ದ ಕಾಲ ಲೆಕ್ಕಕ್ಕಿಲ್ಲ.

ಎರಡು: ಕೋರ್ಟು ಕೇಸು ಕೈಗೆತ್ತಿಕೊಳ್ಳುವ ದಿನ ತಡವಾಯಿತೆಂದು ಹೆದರಬೇಡಿ. ದೂರು ಸಲ್ಲಿಸಿದ ದಿನವೇ ಲೆಕ್ಕ ಎಂದು 2013ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠ ಸಾರಾ ಮ್ಯಾಥ್ಯೂ ಪ್ರಕರಣದಲ್ಲಿ ಹೇಳಿತು. ಹೊಸ ಸಂಹಿತೆಯ 514ನೇ ಕಲಮಿಗೆ ಸೇರಿಸಿದ ವಿವರಣೆ ಇನ್ನೂ ಸ್ಪಷ್ಟ: ಮ್ಯಾಜಿಸ್ಟ್ರೇಟರಿಗೆ ದೂರು ಕೊಟ್ಟ ದಿನ, ಇಲ್ಲವೇ ಠಾಣೆಯಲ್ಲಿ ಮಾಹಿತಿ ಬರೆದುಕೊಂಡ ದಿನ. ಪೋಲೀಸರ ನಿಧಾನಕ್ಕೆ ನೀವು ದಂಡ ತೆರಬೇಕಿಲ್ಲ.

ಮೂರು: ಅದಕ್ಕೇ ತಾರೀಖು ಮುಖ್ಯ. ಅರಕಲಗೂಡಿನ ಘಟನೆಗೆ ಹಾಸನದ ಠಾಣೆಯಲ್ಲಿ ದೂರು ಕೊಟ್ಟರೂ ಬರೆದುಕೊಳ್ಳಬೇಕು, ನಮ್ಮ ಸರಹದ್ದಲ್ಲ ಎಂದು ಸಾಗಹಾಕುವಂತಿಲ್ಲ. ಎಫ್‌ಐಆರ್ ಪ್ರತಿಯನ್ನು ಕೈಗೆ ಪುಕ್ಕಟೆ ಕೊಡಬೇಕು. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಎಸ್ಪಿಯವರಿಗೆ ಅಂಚೆಯಲ್ಲಿ ಕಳಿಸಿ, ರಸೀದಿ ಜೋಪಾನವಾಗಿಡಿ. ಅದಕ್ಕೂ ಜಗ್ಗದಿದ್ದರೆ ಮ್ಯಾಜಿಸ್ಟ್ರೇಟರ ಕೋರ್ಟಿದೆ. ವಕೀಲರ ಫೀಜಿಗೆ ಗತಿಯಿಲ್ಲದವರಿಗೆ, ಮತ್ತು ಎಲ್ಲ ಹೆಂಗಸರಿಗೂ ಹಾಸನದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವು ಉಂಟು.

ನಾಲ್ಕು: ತಡವಾಗಿದ್ದರೆ ಏಕೆ ತಡವಾಯಿತೆಂಬುದನ್ನು ದೂರಿನಲ್ಲೇ ಬರೆಸಿ. ಬೆದರಿಕೆ ಇತ್ತೇ, ಆಸ್ಪತ್ರೆಯಲ್ಲಿದ್ದಿರೇ, ಪಂಚಾಯ್ತಿಯಲ್ಲಿ ರಾಜಿ ಮಾಡಿಸುತ್ತೇವೆಂದು ಊರ ಮುಖಂಡರು ಆಡಿಸಿದರೇ? ತಾರೀಖು ಸಮೇತ ಬರೆಸಿ. ವಿಳಂಬ ಮನ್ನಿಸಿ ಎಂದು ಕೇಳುವ ದಿನ ಕೋರ್ಟು ನೋಡುವುದು ಅದನ್ನೇ.

ಪಂಚಾಯ್ತಿ ಕಟ್ಟೆಯ ರಾಜಿ ಮಾತು ಬೇಡ ಎಂದು ನಾವು ಹೇಳುವುದಿಲ್ಲ. ಆದರೆ "ಹಬ್ಬ ಕಳೀಲಿ, ಎಲೆಕ್ಷನ್ ಮುಗೀಲಿ, ಆಮೇಲೆ ನೋಡಾಣ" ಎನ್ನುವವರು ಎಷ್ಟೋ ಸಲ ಕಾಯುತ್ತಿರುವುದು ಹಬ್ಬಕ್ಕಲ್ಲ, ವಾಯಿದೆಗೆ. ದೂರು ಬರೆಸಿ, ತಾರೀಖಿನ ಮುದ್ರೆ ಹಾಕಿಸಿಕೊಂಡ ಮೇಲೆ ರಾಜಿಗೆ ಕೂತರೂ ನಷ್ಟವೇನಿಲ್ಲ.